ನಾಯಿಮರಿಯ ಆಟವೂ ಪಾಠವೂ

ಮೈಸೂರು ಕಡೆಯ ಸೋದರಿಯೊಬ್ಬರು ಈ ತಿಂಗಳು ನನಗೆ ಒಂದು ಕಾಗದವನ್ನು ಬರೆದಿರುವರು. ಅವರ ಮನೆಗೆ ಎರಡು ತಿಂಗಳ ಗಂಡು ಮರಿಯೊಂದು ಬಂದಿದೆಯಂತೆ. ಪೇಟೆಯಿಂದ ನಾಲ್ಕೈದು ಬಗೆಯ ಆಟದ ಸಾಮಾನುಗಳನ್ನು ತಂದು ಅದರ ಮುಂದೆ ಹರಡಿದರೆ, ಮರಿಯು ಅವುಗಳನ್ನು ಒಂದು ಸಲ ಮೂಸಿ ನೋಡಿ, ಯಜಮಾನರ ಚಪ್ಪಲಿಯನ್ನು ಕಚ್ಚಿಕೊಂಡು ಮಂಚದ ಕೆಳಗೆ ಹೋಗುವುದಂತೆ. ತಿಂಡಿಯ ಚೂರನ್ನು ತೋರಿಸಿದರೆ ಕರೆದಾಗ ಬರುತ್ತದೆ. ಹೊಟ್ಟೆ ತುಂಬಿದ ಮೇಲೆ ಕರೆದವರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆಟದ ಸಾಮಾನಿನಿಂದ ಮರಿಗೆ ವಿದ್ಯೆಯನ್ನು ಕಲಿಸಬಹುದೆಂದು ಹೇಳುವರಲ್ಲ, ಆಟಕ್ಕೆ ಮನಸ್ಸೇ ಇಲ್ಲದ ಮರಿಗೆ ಏನು ಮಾಡತಕ್ಕದ್ದು ಎಂಬುದು ಅವರ ಪ್ರಶ್ನೆ.

ಸಾಮಾನ್ಯವಾಗಿ ಮಕ್ಕಳ ವಿದ್ಯಾಭ್ಯಾಸದ ಮಾತೇ ಬರುವ ಈ ಪುಟದಲ್ಲಿ ನಾಯಿಯ ಪ್ರಸ್ತಾಪವೇಕೆಂದು ಕೆಲವು ವಾಚಕರು ಹುಬ್ಬುಗಂಟಿಕ್ಕಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಹೇಳುವ ಋಣವೊಂದು ನನ್ನ ಮೇಲಿದೆ. ಅದರ ಕಾರಣವನ್ನು ಮೊದಲು ತಿಳಿಸಿಬಿಡುವೆನು.

ನಾನು ಉದ್ಯೋಗದಲ್ಲಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿಯಿತ್ತು. ಶಾಲೆಯಲ್ಲಿ ಹುಡುಗರಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸುತ್ತಿದ್ದ ರೀತಿಯಲ್ಲಿಯೇ ಅದಕ್ಕೂ ಪಾಠವಾಯಿತು. ಕುಳಿತುಕೊಳ್ಳೆಂದರೆ ಕುಳಿತುಕೊಳ್ಳಬೇಕು, ತಪ್ಪಿದರೆ ಗದರಿಕೆ, ಕೆಲವು ವೇಳೆ ಬೆತ್ತದ ತುದಿ. ಆಟವೆಂಬುದು ಪಾಠ ಮುಗಿದ ಮೇಲೆ, ಅದೂ ಮಕ್ಕಳೊಡನೆ, ನನ್ನೊಡನಲ್ಲ. ಅಂಗಳದಲ್ಲಿ ಮೋತಿಯಷ್ಟು ವಿಧೇಯವಾದ ನಾಯಿ ಬೇರೊಂದಿಲ್ಲವೆಂದು ಬಂದವರೊಡನೆಲ್ಲ ಹೇಳಿಕೊಳ್ಳುತ್ತಿದ್ದೆನು. ಆದರೆ 'ಬಾ' ಎಂದು ನಾನು ಅದನ್ನು ಕರೆಯುತ್ತಿದ್ದುದು ಯಾವಾಗ? ಸರಪಣಿ ಹಾಕುವುದಕ್ಕೆ, ಸ್ನಾನ ಮಾಡಿಸುವುದಕ್ಕೆ, ತಪ್ಪು ಮಾಡಿದಾಗ ಗದರಿಸುವುದಕ್ಕೆ. ಒಂದು ದಿನ ಸಂಜೆ ಯಾರೋ ಬೀದಿಯ ಗೇಟನ್ನು ತೆರೆದಿಟ್ಟಿದ್ದರು. ಮೋತಿ ಹೊರಕ್ಕೆ ಹಾರಿತು. ನಾನು ಕರೆದೆನು. ಅದು ನಿಂತು ತಿರುಗಿ ನೋಡಿತು. ನನ್ನ ಮುಖವನ್ನು ನೋಡಿಯೇ ರಸ್ತೆಯ ಆಚೆಗೆ ಓಡಿತು. ಆಗ ಬಂದ ಲಾರಿಯವನ ತಪ್ಪೇನೂ ಇರಲಿಲ್ಲ. ಹನ್ನೊಂದು ವರ್ಷಗಳಾದುವು, ಆ ತಿರುಗಿ ನೋಡಿದ ಮುಖವು ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ.

ಕಳೆದ ವರ್ಷ ನನ್ನ ಮೊಮ್ಮಗಳು, ನೆರೆಮನೆಯ ಸೌದೆಯ ರಾಶಿಯ ಹಿಂದೆ ಹುಟ್ಟಿದ ಬೀದಿನಾಯಿಯ ಮರಿಗಳಲ್ಲಿ ಒಂದನ್ನು ಎತ್ತಿಕೊಂಡು ಬಂದು, "ತಾತ, ಇದು ಗುಂಡ. ಇನ್ನು ಮೇಲೆ ಇಲ್ಲೇ ಇರುತ್ತೆ" ಎಂದು ಹೆಸರನ್ನೂ ತೀರ್ಮಾನವನ್ನೂ ಒಟ್ಟಿಗೆ ಹೇಳಿಬಿಟ್ಟಳು. ನನ್ನ ಹೆಂಡತಿ ಒಂದೇ ಷರತ್ತಿನ ಮೇಲೆ ಒಪ್ಪಿದಳು: "ನೋಡಿ, ಈ ಮರಿಗೆ ಮಾತ್ರ ನೀವು ಮೇಷ್ಟರಾಗಕೂಡದು."

ಮೇಷ್ಟರಲ್ಲದೆ ಮತ್ತೇನಾಗಬೇಕೆಂಬುದು ನನಗೆ ತಿಳಿಯದು. ಹೋಗಿ ಒಂದು ಕೆಂಪು ರಬ್ಬರಿನ ಚೆಂಡನ್ನು ಕೊಂಡುತಂದೆನು. ಕಾಗದ ಬರೆದ ಸೋದರಿಯವರಿಗೆ ಆದ ಅನುಭವವೇ ನನಗೂ ಆಯಿತು. ಗುಂಡನ ಮೂಗಿನ ಮುಂದೆ ಚೆಂಡನ್ನು ಹಿಡಿದರೆ ಅದು ಹಿಂದೆ ಸರಿಯುವುದು. ಎಸೆದರೆ ಎಸೆದ ನನ್ನನ್ನೇ ನೋಡುವುದು. ಎರಡು ದಿನ ಹೀಗೆ ಕಳೆಯಿತು. ಮೂರನೆಯ ದಿನ ಬೆಳಗ್ಗೆ ನನ್ನ ಹೆಂಡತಿ ಅಂಗಳವನ್ನು ಗುಡಿಸುತ್ತಿದ್ದಾಗ ಗುಂಡನು ಕಂಬದ ಮರೆಯಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕಣ್ಣನ್ನು ಪೊರಕೆಯಲ್ಲಿ ನೆಟ್ಟು, ಬಾಲದ ತುದಿಯನ್ನು ಮಾತ್ರ ಅಲುಗಿಸುತ್ತ ಕುಳಿತಿದ್ದನು. ಪೊರಕೆಯು ಅತ್ತ ಸರಿಯಿತೋ ಇಲ್ಲವೋ, ಒಂದೇ ನೆಗೆತಕ್ಕೆ ಅದರ ಕಡ್ಡಿಗಳನ್ನು ಹಿಡಿದು ಕೊಡಹಿದನು. ನಾನು ಆಶ್ಚರ್ಯದಿಂದ ನೋಡುತ್ತಿರಲು ಅವಳು, "ನಿಮ್ಮ ಚೆಂಡು ಸತ್ತು ಬಿದ್ದಿದೆ, ನನ್ನ ಪೊರಕೆ ಓಡ್ತಾ ಇದೆ. ಅದು ಯಾವುದನ್ನು ಹಿಡೀಬೇಕು ಹೇಳಿ?" ಎಂದಳು.

ಅಮರಸಿಂಹನು ತನ್ನ ಕೋಶದಲ್ಲಿ ನಾಯಿಗೆ ಕೊಟ್ಟಿರುವ ಹೆಸರುಗಳಲ್ಲಿ ಮೃಗದಂಶಕ ಎಂಬುದೊಂದುಂಟು. ಮೃಗವನ್ನು ಕಚ್ಚಿ ಹಿಡಿಯತಕ್ಕದ್ದು ಎಂದರ್ಥ. ಎಷ್ಟೋ ವರ್ಷ ಈ ಶಬ್ದವನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದವನು ನಾನು. ಅದರ ಅರ್ಥವನ್ನು ಪೊರಕೆಯಿಂದ ಕಲಿತೆನು. ಕಣ್ಣಿಡುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕಚ್ಚಿದುದನ್ನು ಕೊಡಹುವುದು: ಬೇಟೆಯ ಈ ಕ್ರಮವೆಲ್ಲವೂ ಮರಿಯ ಆಟದಲ್ಲಿ ಕಾಣಬರುತ್ತದೆ. ತಳಿಗೆ ತಕ್ಕಂತೆ ಇವುಗಳಲ್ಲಿ ಒಂದು ಹೆಚ್ಚು, ಒಂದು ಕಡಮೆ. ನಮ್ಮ ಮುಧೋಳದ ನಾಯಿಯು ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯದಾದುದರಿಂದ, ದೂರದಲ್ಲಿ ಓಡುವ ವಸ್ತುವಿನ ಹಿಂದೆ ಹೋಗುವುದೇ ಅದಕ್ಕೆ ಪರಮಸುಖ. ಲ್ಯಾಬ್ರಡಾರ್ ಜಾತಿಯದಕ್ಕೆ ಬಾಯಲ್ಲಿ ಏನನ್ನಾದರೂ ಹೊತ್ತು ತರುವುದು ಪ್ರಿಯ. ಬೀದಿಯ ಮರಿಯಲ್ಲಿ ಯಾವುದು ಪ್ರಧಾನವೆಂಬುದನ್ನು ಆಡಿಸಿಯೇ ತಿಳಿಯಬೇಕು. ಒಟ್ಟಿನಲ್ಲಿ, ಆಟಕ್ಕೆ ಮನಸ್ಸಿಲ್ಲದ ಮರಿಯೆಂದು ನಾವು ಹೇಳುವುದು ಬಹುಪಾಲು ನಮ್ಮ ತಪ್ಪೇ ಹೊರತು ಮರಿಯದಲ್ಲ. (ಎಲ್ಲ ಆಟವನ್ನೂ ಬಿಟ್ಟು, ಊಟವನ್ನೂ ಬಿಟ್ಟು ಮಂಕಾಗಿ ಬಿದ್ದಿರುವ ಮರಿಯ ಮಾತು ಬೇರೆ, ಅದನ್ನು ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು.)

ಈಗ ವಿಧಾನಕ್ಕೆ ಬರೋಣ. ಹಳೆಯ ನೂಲಿನ ಸೀರೆಯನ್ನು ಸೀಳಿ, ಮೂರು ಎಳೆಯಾಗಿ ಬಿಗಿಯಾಗಿ ಜಡೆ ಹೆಣೆದು, ಎರಡು ತುದಿಗೂ ಗಂಟು ಹಾಕಿರಿ. ಒಂದು ಮೊಳ ಉದ್ದವಿದ್ದರೆ ಸಾಕು. ಅದಕ್ಕೆ ಎರಡು ಗಜದ ದಾರವನ್ನು ಕಟ್ಟಿ, ಮರಿಯು ನಿದ್ದೆಯಿಂದೆದ್ದು ಚುರುಕಾಗಿರುವ ಹೊತ್ತಿನಲ್ಲಿ, ಸದ್ದುಗದ್ದಲವಿಲ್ಲದ ಸ್ಥಳದಲ್ಲಿ ನೆಲದ ಮೇಲೆ ಎಳೆಯಿರಿ. ಇಲ್ಲಿ ಮುಖ್ಯವಾದ ಮಾತೊಂದಿದೆ: ಜಡೆಯು ಮರಿಯಿಂದ ದೂರಕ್ಕೆ ಓಡಬೇಕು; ಮರಿಯ ಮುಖಕ್ಕೆ ಬರಬಾರದು. ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಬಂದು ಬೀಳುವುದಿಲ್ಲವಷ್ಟೆ. ಸ್ವಲ್ಪ ಓಡಿಸಿ ನಿಲ್ಲಿಸಿರಿ, ಸ್ವಲ್ಪ ನಡುಗಿಸಿರಿ, ಕಂಬದ ಹಿಂದೆ ಮರೆಮಾಡಿರಿ. ಮರಿಯು ಮುಂಗಾಲುಗಳನ್ನು ನೆಲಕ್ಕೂರಿ ಹಿಂಭಾಗವನ್ನೆತ್ತಿ ನಿಂತಿತೆಂದರೆ ಆಟಕ್ಕೆ ಕರೆಯುತ್ತಿದೆಯೆಂದು ತಿಳಿಯಿರಿ. ಅಮೆರಿಕದ ಮಾರ್ಕ್ ಬೆಕಾಫ್ ಎಂಬ ಪಂಡಿತರು ನಾಯಿಗಳ ಈ ನಮಸ್ಕಾರವನ್ನು ಬಹುಕಾಲ ಪರಿಶೀಲಿಸಿ, 'ಇನ್ನು ಕಚ್ಚುವುದೆಲ್ಲ ಆಟವೇ' ಎಂದು ಜೊತೆಯ ನಾಯಿಗೆ ತಿಳಿಸುವ ಸಂಕೇತವಿದೆಂದು 1995ರಲ್ಲಿ ಬರೆದಿರುವರು.

ಎರಡು ಮೂರು ಸಲ ತಪ್ಪಿಸಿದ ಮೇಲೆ ಹಿಡಿಯಲು ಬಿಡಿರಿ. ಎಂದಿಗೂ ಸಿಕ್ಕದ ಬೇಟೆಯಲ್ಲಿ ಮರಿಗೆ ಆಸಕ್ತಿ ಉಳಿಯುವುದಿಲ್ಲ. ಹಿಡಿದಾಗ ಮೆಲ್ಲಗೆ ಎಳೆದು, ಸೋತಂತೆ ಮಾಡಿ ಬಿಟ್ಟುಬಿಡಿರಿ. ನೀವು ಓಡಿದರೆ ಗೆದ್ದ ವಸ್ತುವನ್ನು ಹೊತ್ತುಕೊಂಡು ಅದು ನಿಮ್ಮ ಹಿಂದೆಯೇ ಬರುವುದು. ಏಕೆಂದರೆ ನಿಮ್ಮ ಕೈ ಸೇರದೆ ಆ ಜಡೆಗೆ ಪ್ರಾಣವಿಲ್ಲ. ಈ ಸಂಗತಿಯು ಮರಿಯ ಮನಸ್ಸಿಗೆ ಹತ್ತಿತೆಂದರೆ ಅರ್ಧ ಕೆಲಸ ಮುಗಿದಂತೆಯೇ.

ಇನ್ನರ್ಧವು ನಿಲ್ಲಿಸುವುದರಲ್ಲಿದೆ. ಮರಿಯು ಸಾಕೆನ್ನುವವರೆಗೆ ಆಡಿಸತಕ್ಕದ್ದಲ್ಲ. ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅದರ ಕಣ್ಣು ಇನ್ನೂ ಬೇಕೆನ್ನುತ್ತಿರುವಾಗಲೇ ಜಡೆಯನ್ನು ಎತ್ತಿ ಗೂಟಕ್ಕೆ ನೇತುಹಾಕಿಬಿಡಬೇಕು. ಹೋಳಿಗೆಯನ್ನು ದಿನವೂ ಬಡಿಸುವ ಮನೆಯಲ್ಲಿ ಹಬ್ಬದ ದಿನ ಯಾರಿಗೆ ಹಸಿವು? ಆ ಸೋದರಿಯವರು ನಾಲ್ಕೈದು ಸಾಮಾನುಗಳನ್ನು ಹಗಲೆಲ್ಲ ನೆಲದ ಮೇಲೆ ಹರಡಿದ್ದೇ ಮರಿಯ ಉದಾಸೀನಕ್ಕೆ ಒಂದು ಕಾರಣವಾಗಿರಬೇಕು. ಹಲ್ಲು ನವೆಗೆಂದು ಕಚ್ಚಲು ಒಂದು ಗಟ್ಟಿಯಾದ ಸಾಮಾನನ್ನು ಯಾವಾಗಲೂ ಬಿಟ್ಟಿರಿ. ಆಟದ್ದು ಮಾತ್ರ ನಿಮ್ಮ ವಶದಲ್ಲಿರಲಿ.

ಎರಡು ತಿಂಗಳ ವಯಸ್ಸು ಇದಕ್ಕೆ ಬಹಳ ಅನುಕೂಲವಾದುದು. ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರಿನಲ್ಲಿ ಅನೇಕ ವರ್ಷ ಮರಿಗಳನ್ನು ಸಾಕಿ ಪರೀಕ್ಷಿಸಿ, 1965ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಮನುಷ್ಯರೊಡನೆಯೂ ಇತರ ನಾಯಿಗಳೊಡನೆಯೂ ಸಂಬಂಧವನ್ನು ಸುಲಭವಾಗಿ ಬೆಳೆಸಿಕೊಳ್ಳುವುದೆಂದು ಅವರ ಅಭಿಪ್ರಾಯ. ಹಾಗೆಂದು ದೊಡ್ಡ ನಾಯಿಗೆ ಆಟ ಬಾರದೆಂದಲ್ಲ. ತಾಳ್ಮೆ ಹೆಚ್ಚು ಬೇಕು, ಅಷ್ಟೆ.

ಎಳೆದಾಟದಲ್ಲಿ ನಾಯಿಯನ್ನು ಗೆಲ್ಲಿಸಿದರೆ ಅದು ಯಜಮಾನನ ತಲೆಯ ಮೇಲೆ ಕುಳಿತುಕೊಳ್ಳುವುದೆಂದು ಹೇಳುವ ಹಿರಿಯರಿದ್ದಾರೆ. ನಾನೂ ಆ ಪಂಗಡದವನೇ ಆಗಿದ್ದೆನು. 2002ರಲ್ಲಿ ಇಂಗ್ಲೆಂಡಿನ ರೂನಿ ಮತ್ತು ಬ್ರಾಡ್‌ಷಾ ಎಂಬವರು 14 ಗೋಲ್ಡನ್ ರಿಟ್ರೀವರ್ ನಾಯಿಗಳೊಡನೆ ಎಳೆದಾಟವಾಡಿ, ಕೆಲವು ಸಲ ನಾಯಿಯನ್ನು ಗೆಲ್ಲಿಸಿ, ಕೆಲವು ಸಲ ಸೋಲಿಸಿ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಗೆದ್ದ ಮಾತ್ರಕ್ಕೆ ನಾಯಿ ಉದ್ಧಟವಾಗಲಿಲ್ಲ; ಗೆಲ್ಲಲಿ, ಸೋಲಲಿ, ಆಡಿದ ಮೇಲೆ ಅದರ ವಿಧೇಯತೆಯೂ ಗಮನವೂ ಹೆಚ್ಚಿದುವು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿಂದಿನವರು ಗುರುಗಳಿಗೆ ಹೇಳಿದ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ವ್ಯಾಖ್ಯಾನಿಸಿರುವೆನೋ! ಒಬ್ಬ ಹುಡುಗನಿಗೂ ಸೋತುಕೊಟ್ಟ ನೆನಪಿಲ್ಲ.

ಇನ್ನು ಪಾಠ. ಮೊದಲನೆಯದು 'ಬಿಡು' ಎಂಬುದು. ಒಂದೇ ಬಗೆಯ ಎರಡು ಜಡೆಗಳಿರಲಿ. ಮರಿಯು ಒಂದನ್ನು ಕಚ್ಚಿರುವಾಗ ನಿಮ್ಮ ಎಳೆತವನ್ನು ನಿಲ್ಲಿಸಿ, ಕೈಯನ್ನು ಮೊಣಕಾಲಿಗೆ ಒತ್ತಿ ಅಲುಗದೆ ಇರಿ. ಅದು ಸತ್ತ ಬೇಟೆಯಾಯಿತು. ಇನ್ನೊಂದು ಕೈಯ ಜಡೆಯನ್ನು ನೆಲದ ಮೇಲೆ ಆಡಿಸಿರಿ. ಮರಿಯು ಮೊದಲನೆಯದನ್ನು ಬಿಡುವ ಕ್ಷಣಕ್ಕೆ ಸರಿಯಾಗಿ 'ಬಿಡು' ಎನ್ನಿರಿ. ಕೂಡಲೇ ಎರಡನೆಯದರಿಂದ ಆಟ ನಡೆಯಲಿ. ದವಡೆಯನ್ನು ಬೆರಳಿನಿಂದ ಬಿಡಿಸಬೇಡಿರಿ. ಹಾಗೆ ಮಾಡಿದರೆ ಇನ್ನಷ್ಟು ಬಿಗಿಯಾಗಿ ಹಿಡಿಯುವುದನ್ನು ಕಲಿಸಿದಂತಾಗುವುದು. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಬಿಟ್ಟರೇ ಆಟ ಮುಂದುವರಿಯುವುದು ಎಂದು ಅದಕ್ಕೆ ತಿಳಿಯಬೇಕು. ಅನಂತರ, ಕುಳಿತ ಹೊರತು ಜಡೆಯು ಅಲುಗುವುದಿಲ್ಲವೆಂಬ ಕಟ್ಟಳೆಯನ್ನು ತನ್ನಿರಿ. ಪ್ರಿಯವಾದ ಕೆಲಸವೊಂದು ಅಷ್ಟಾಗಿ ಪ್ರಿಯವಲ್ಲದ ಕೆಲಸಕ್ಕೆ ಸಂಬಳವಾಗಬಲ್ಲುದೆಂದು ಡೇವಿಡ್ ಪ್ರಿಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರತಿಪಾದಿಸಿದ ತತ್ತ್ವವೇ ಇದಕ್ಕೆ ಆಧಾರ. ತಿಂಡಿಯ ಸಂಬಳವು ಹೊಟ್ಟೆ ತುಂಬಿದೊಡನೆ ಬೆಲೆಗೆಡುವುದು. ಆಟದ ಸಂಬಳವು ಅಷ್ಟು ಬೇಗ ಬೆಲೆಗೆಡದು. ಪತ್ತೆಕೆಲಸದ ಎಷ್ಟೋ ನಾಯಿಗಳು ಇಡೀ ದಿನ ಮೂಸಿ ಹುಡುಕುವುದು ಕೊನೆಗೆ ಸಿಕ್ಕುವ ಒಂದು ಚೆಂಡಿಗಾಗಿ.

ಮೂರನೆಯದು 'ಬಾ' ಎಂಬುದು. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಕರೆಯುವವನು ಮರಿಯ ಕಡೆಗೆ ಹೋಗಬಾರದು. ಜಡೆಯನ್ನು ಹಿಡಿದು ಅದರಿಂದ ದೂರಕ್ಕೆ ಓಡಬೇಕು. ಅರವತ್ತು ತುಂಬಿದವನು ಅಂಗಳದಲ್ಲಿ ಸೀರೆಯ ಜಡೆಯನ್ನು ಎಳೆದುಕೊಂಡು ಓಡುವುದನ್ನು ಕಂಡು ಎದುರುಮನೆಯವರು ನಕ್ಕರು, ನಗಲಿ. ಬಂದು ಹಿಡಿದೊಡನೆ ಆಟ. ಆಟವಾದೊಡನೆ ಮತ್ತೆ ಸ್ವಾತಂತ್ರ್ಯ. ಹತ್ತು ಸಲ ಕರೆದರೆ ಒಂಬತ್ತು ಸಲವೂ ಹೀಗೆ ಬಿಟ್ಟುಕಳುಹಿಸಬೇಕು. ಸರಪಣಿಗೆ, ಸ್ನಾನಕ್ಕೆ, ಔಷಧಕ್ಕೆ ಆ ಶಬ್ದದಿಂದ ಕರೆಯಲೇ ಕೂಡದು. ಆಗ ನೀವೇ ಹೋಗಿ ಎತ್ತಿಕೊಂಡು ಬನ್ನಿರಿ.

ಕೆಲವು ಎಚ್ಚರಿಕೆಗಳು. ಮರಿಗೆ 28 ಹಾಲುಹಲ್ಲುಗಳಿದ್ದು, ಸುಮಾರು 4ರಿಂದ 7 ತಿಂಗಳೊಳಗೆ ಅವು ಬಿದ್ದು 42 ಹಲ್ಲುಗಳು ಬರುವುವು. ಆ ದಿನಗಳಲ್ಲಿ ಎಳೆದಾಟ ಬಹಳ ಮೃದುವಾಗಿರಲಿ. ಯಾವಾಗಲೂ ತಗ್ಗಿನಲ್ಲಿ, ಅಕ್ಕಪಕ್ಕಕ್ಕೆ ಎಳೆಯಬೇಕೇ ಹೊರತು ಮೇಲಕ್ಕೆ ಜಗ್ಗಬಾರದು, ಕುತ್ತಿಗೆಗೆ ಪೆಟ್ಟಾಗುವುದು. ನುಣುಪಾದ ಗ್ರಾನೈಟ್ ನೆಲದ ಮೇಲೆ ಓಡಿಸಬೇಡಿರಿ. ಗಂಟಲಿನೊಳಕ್ಕೆ ಜಾರುವಷ್ಟು ಸಣ್ಣ ಚೆಂಡು, ಗುಂಡಿ, ಕಾಲುಚೀಲ, ಬಿಡಿ ದಾರ ಇವು ಪ್ರಾಣಾಂತಕವಾಗಬಹುದು. ಆಟ ಮುಗಿದೊಡನೆ ಜಡೆಯ ದಾರವನ್ನೂ ತೆಗೆದಿಡಿರಿ. ಕೈಬೆರಳನ್ನು ಎಂದಿಗೂ ಆಟದ ಸಾಮಾನಾಗಿ ಮಾಡಬಾರದು. ಆಟದಲ್ಲಿಯೇ ಆಗಲಿ ಹಲ್ಲು ತಗುಲಿ ಚರ್ಮ ಗೀರಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣತಕ್ಕದ್ದು, ಮರಿಯೆಂದು ಉಪೇಕ್ಷಿಸಬಾರದು. ಹುಚ್ಚುರೋಗದ ಲಸಿಕೆಯನ್ನು ಸಾಧಾರಣವಾಗಿ ಮೂರು ತಿಂಗಳಿಗೆ ಹಾಕಿಸುವರು. ಮತ್ತೊಂದು ಸಣ್ಣ ಸಂಗತಿ: ನಾಯಿಯ ಕಣ್ಣಿಗೆ ನೀಲಿ ಮತ್ತು ಹಳದಿ ಚೆನ್ನಾಗಿ ತೋರುವುವು; ಕೆಂಪು, ಹಸುರುಗಳ ಭೇದ ಸರಿಯಾಗಿ ತೋರದು. ಹುಲ್ಲಿನ ಮೇಲೆ ನನ್ನ ಕೆಂಪು ಚೆಂಡನ್ನು ಕಾಣದೆ ಹೋದ ಗುಂಡನನ್ನು ಮಂದಬುದ್ಧಿಯೆಂದು ನಾನು ಕರೆದದ್ದುಂಟು.

ಗುಂಡನಿಗೆ ಈಗ ಒಂದು ವರ್ಷ ತುಂಬಿದೆ. ಅಂಗಳದಲ್ಲಿ ಕರೆದರೆ ಕಲ್ಲು ಹೊಡೆದಂತೆ ಬರುತ್ತಾನೆ. ಬೀದಿಯಲ್ಲಿ ಬೆಕ್ಕು ಕಂಡಾಗ ಹತ್ತರಲ್ಲಿ ಏಳು ಸಲ ಬರುತ್ತಾನೆ. ಉಳಿದ ಮೂರು ಸಲದ ನೆನಪಿನಿಂದ ಗೇಟಿನಾಚೆ ಹಗ್ಗವನ್ನು ನಾನಿನ್ನೂ ಬಿಚ್ಚಿಲ್ಲ. ಮೊಮ್ಮಗಳು ಎಷ್ಟು ಹೇಳಿದರೂ ಬಿಚ್ಚುವ ಧೈರ್ಯವಿಲ್ಲ.

ಕಾಗದ ಬರೆದ ಸೋದರಿಯವರಿಗೆ ಕಡೆಯ ಮಾತು: ನಿಮ್ಮ ಮರಿಯು ಆಟ ಬಲ್ಲುದು. ಚಪ್ಪಲಿಯನ್ನು ಕಚ್ಚಿದಾಗ ಮನೆಯವರೆಲ್ಲರೂ ಕೂಗುತ್ತ ಹಿಂದೆ ಓಡಿಬರುವರಲ್ಲವೆ? ಮನೆಯಲ್ಲಿ ಜೀವವಿರುವ ಆಟದ ಸಾಮಾನು ಸದ್ಯಕ್ಕೆ ಅದೊಂದೇ. ಯಜಮಾನರ ಚಪ್ಪಲಿಯನ್ನು ಮೇಲಿನ ಗೂಡಿಗೆ ಸೇರಿಸಿ, ನಾಳೆ ಬೆಳಗ್ಗೆ ಒಂದು ಹಳೆಯ ಸೀರೆಯನ್ನು ಹುಡುಕಿರಿ.