ನಿಮ್ಮ ಸ್ಟೋರಿ ಅವನಿಗೂ ಕಾಣುತ್ತೆ (ರೋಡ್ ಟ್ರಿಪ್ ಸರಣಿ, ಭಾಗ 4)

ಮೊದಲ ಮೂರು ಪೋಸ್ಟ್ ಹಾಕಿದ ಮೇಲೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ: "ಲೊಕೇಶನ್ ಪ್ಲೀಸ್." ಕೊಡಲ್ಲ ಕಣ್ರೋ. ಅದು ನಮ್ಮ ಕ್ಲಾಸ್‌ಮೇಟ್ ಮನೆ ಅಂಗಳ. ಅಲ್ಲಿಗೆ ಹೋಗೋಕೆ ಮ್ಯಾಪ್ ಬೇಡ, ಅವನ ನಂಬರ್ ನಿಮ್ಮ ಫೋನಲ್ಲೇ ಇದೆ.

ನನ್ನ ಜಗಳ ಇರೋದೇ ಇಲ್ಲಿ. ಕುಮಾರಸ್ವಾಮಿ ಲೇಔಟ್‌ನಲ್ಲಿ ನಾಲ್ಕು ವರ್ಷ ಓದಿದವರು ನಾವು. ಶಾವಿಗೆ ಮಲ್ಲೇಶ್ವರ ಬೆಟ್ಟವನ್ನ ದಿನಾ ಹತ್ತಿದ್ದೀವಿ, ಅದೂ ಬರೀ ಅಟೆಂಡೆನ್ಸ್‌ಗೋಸ್ಕರ. ಒಂದೇ ಪಿಜಿ ರೂಮಲ್ಲಿ ಸಕಲೇಶಪುರದವನು, ಸಿಂಧನೂರಿನವನು, ಬೀದರ್‌ನವನು ಇರ್ತಿದ್ರು. ಅರ್ಧ ಕರ್ನಾಟಕ ನಮ್ಮ ಪಕ್ಕದ ಬೆಂಚಲ್ಲಿ ಕೂತಿತ್ತು. ಅವರು ಊರಿಂದ ತಂದ ಶೇಂಗಾ ಹೋಳಿಗೆ, ಹಲಸಿನ ಹಪ್ಪಳ ಎಲ್ಲವನ್ನೂ ರಾತ್ರಿ ಹನ್ನೊಂದಕ್ಕೆ ಡಬ್ಬಿ ಬಳಿದು ತಿಂದವರು ನೀವು. ಈಗ ಲಾಂಗ್ ವೀಕೆಂಡ್ ಬಂದ ತಕ್ಷಣ ಅದೇ ಊರುಗಳಿಗೆ ಹೋಗ್ತೀರಿ, ಹೋಮ್‌ಸ್ಟೇಗೆ ದುಡ್ಡು ಸುರೀತೀರಿ, ಒಂದು ಬಂಡೆ ಮೇಲೆ ಕೈ ಚಾಚಿ ನಿಂತು "ಹಿಡನ್ ಜೆಮ್" ಅಂತ ಬರೆದು ವಾಪಸ್ ಬರ್ತೀರಿ. ಡಬ್ಬಿ ಕೊಟ್ಟವನ ಮನೆ ಆ ಬಂಡೆಯಿಂದ ಒಂಬತ್ತು ಕಿಲೋಮೀಟರ್.

ಒಂಬತ್ತು ಅಂತ ನಾನು ಹೇಳಿದ್ದಲ್ಲ, ಅವನ ಅಮ್ಮ ಹೇಳಿದ್ದು.

ನಾನೂ ಇವನೂ (ಅದೇ ಬ್ಯಾಚು, ಹೋದ ವರ್ಷ ನಮ್ಮ ಮದುವೆ ಊಟ ಮಾಡಿದ್ದೀರಿ, ನೆನಪಿರಲಿ) ಆಗಸ್ಟ್ ಮಳೆಯಲ್ಲಿ ಬೈಕ್ ಹತ್ತಿ ಐದು ದಿನಕ್ಕೆ ಹೊರಟ್ವಿ. ನೈಸ್ ರೋಡ್, ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ. ಸುಮಾರು 220 ಕಿ.ಮೀ., ಹೇಳೋಕೆ ಏನೂ ಇಲ್ಲ, ಹೆದ್ದಾರಿ ಮತ್ತು ಬೆನ್ನುನೋವು. ಸಕಲೇಶಪುರದವನು ಅಪ್ಪನಿಗೆ ಹುಷಾರಿಲ್ಲ ಅಂತ ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ವರ್ಷ ಆಯ್ತು. ಕಾಫಿ ತೋಟ ಅಂದ್ರೆ ನೀವು ಬಂಗಲೆ, ಜೀಪು ಅಂತ ಅನ್ಕೊಳ್ತೀರಿ. ಅವನದು ಮೂರು ಎಕರೆ. ಬೆಳಗ್ಗೆ ಎದ್ದು ಮೊದಲು ನೋಡೋದು ಕಾಡಾನೆ ಎಲ್ಲಿದೆ ಅನ್ನೋ ವಾಟ್ಸಾಪ್ ಮೆಸೇಜು. ಪಕ್ಕದ ತೋಟದಲ್ಲಿ ಆನೆ ಇದ್ರೆ ಆವತ್ತು ಆಳುಗಳು ಬರಲ್ಲ, ಅಮ್ಮ ಹಿತ್ತಲಿಗೂ ಹೋಗಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ತುಳಿದು ಜನ ಸತ್ತ ಸುದ್ದಿ ವರ್ಷ ವರ್ಷ ಬರ್ತಾನೇ ಇರುತ್ತೆ. ನಮ್ಮ ಫೀಡಲ್ಲಿ ಮಾತ್ರ ಅದು ಹಾಡು ಹಾಕಿದ ರೀಲು.

ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಾ ಅಂದ್ರು: "ನಿಮ್ಮ ಕಾಲೇಜಿನವ್ರು ಎರಡು ಸಲ ಬಂದು ಹೋದ್ರಂತಲ್ಲಮ್ಮ, ಅಲ್ಲೇ ಗುಡ್ಡದ ಹತ್ರ. ಒಂಬತ್ತೇ ಕಿಲೋಮೀಟ್ರು. ಇವ್ನು ಫೋನಲ್ಲಿ ನೋಡ್ತಾ ಕೂತಿದ್ದ." ಅವನು ಏನೂ ಮಾತಾಡಲಿಲ್ಲ, ಲೋಟ ಎತ್ಕೊಂಡು ಒಳಗೆ ಹೋದ. ಸ್ಟೋರಿ ಯಾರು ಯಾರು ನೋಡಿದ್ರು ಅಂತ ಪಟ್ಟಿ ಬರುತ್ತಲ್ಲ, ಅದರಲ್ಲಿ ಅವನ ಹೆಸರೂ ಇತ್ತು. ನೀವು ಎಷ್ಟು ಜನ ಅಂತ ಎಣಿಸಿದ್ರಿ, ಯಾರು ಅಂತ ಓದಲಿಲ್ಲ.

(ಇಲ್ಲಿಂದ ಸ್ವಲ್ಪ ಬೈಗುಳ ಜಾಸ್ತಿ. ಬೇಡ ಅಂದ್ರೆ ಫೋಟೋ ನೋಡಿ ಹೋಗಿ.)

ಎಲ್ಲರೂ ಅದೇ ನಾಲ್ಕು ಜಾಗಕ್ಕೆ ನುಗ್ಗಿದ್ರೆ ಏನಾಗುತ್ತೆ ಅಂತ ನೋಡಾಗಿದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಇರುವೆ ಸಾಲಿನ ಥರ ಜನ ನಿಂತಿದ್ದ ವಿಡಿಯೋ ನೀವೇ ಫಾರ್ವರ್ಡ್ ಮಾಡಿದ್ರಿ. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಬೇಕಾಯ್ತು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿ ಟ್ರಾಫಿಕ್ ಜಾಮ್ ಆಗಿ ಆಗಿ 2025ರ ಸೆಪ್ಟೆಂಬರ್‌ನಿಂದ ದಿನಕ್ಕೆ 1,200 ವಾಹನ ಮಾತ್ರ, ಅದೂ ಮೊದಲೇ ಬುಕ್ ಮಾಡಿ ಅಂತ ನಿಯಮ ಬಂತು. ಸಿಲ್ಕ್ ಬೋರ್ಡ್ ಬೇಡ ಅಂತ ಹೋದವರು ಸಿಲ್ಕ್ ಬೋರ್ಡನ್ನೇ ಹೊತ್ಕೊಂಡು ಬೆಟ್ಟಕ್ಕೆ ಹೋದ್ರು.

"ಹಾಗಾದ್ರೆ ನೀವು ಎಲ್ಲೂ ನಿಲ್ಲಲೇ ಇಲ್ವಾ?" ನಿಂತ್ವಿ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಲ್ಲೇ ಇರೋ ತೇಜಸ್ವಿ ಪ್ರತಿಷ್ಠಾನಕ್ಕೂ ಹೋದ್ವಿ. ಕರ್ವಾಲೊ ಹೆಸರು ಹೇಳಿ ಕ್ಯಾಪ್ಶನ್ ಬರೆಯೋರಿಗೆ ಒಂದು ಮಾತು: ತೇಜಸ್ವಿ ಆ ಕಾಡನ್ನ ವೀಕೆಂಡಲ್ಲಿ ಬಂದು ನೋಡಿದವರಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, 2007ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ಬದುಕಿದವರು. ಮುಂದೆ ಚಾರ್ಮಾಡಿ ಘಾಟಿಯಲ್ಲೂ ಹತ್ತು ನಿಮಿಷ ನಿಂತ್ವಿ. ಯಾವ ತಿರುವಲ್ಲಿ ನಿಲ್ಲಿಸಬಾರದು, ಯಾವ ಬಂಡೆ ಪಾಚಿ ಕಟ್ಟಿದೆ ಅಂತ ಕೆಳಗಿನ ಬೆಳ್ತಂಗಡಿಯಿಂದ ಗೆಳತಿ ಮೊದಲೇ ಫೋನಲ್ಲಿ ಹೇಳಿದ್ದಳು. 2024ರ ಮಳೆಗಾಲದಲ್ಲಿ ಇದೇ ಘಾಟಿಯ ಜಲಪಾತದಲ್ಲಿ ಎಚ್ಚರಿಕೆ ಮೀರಿ ಬಂಡೆ ಹತ್ತಿ ನೆನೀತಿದ್ದ ಹುಡುಗರ ಬಟ್ಟೆಯನ್ನ ಪೊಲೀಸರು ಎತ್ಕೊಂಡು ಹೋಗಿದ್ರು, ನಾವೆಲ್ಲ ನಕ್ಕಿದ್ವಿ. ಆದ್ರೆ ಅದೇ ಸೀಮೆಯ ಮಲೆಮನೆ, ಮಧುಗುಂಡಿ ಹಳ್ಳಿಗಳಲ್ಲಿ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಮನೆ, ಗದ್ದೆ, ತೋಟ ಕಳ್ಕೊಂಡ್ರು. ಆ ಹೆಸರುಗಳನ್ನ ಯಾವ ರೀಲಲ್ಲಿ ಕೇಳಿದ್ದೀರಿ ಹೇಳಿ.

ಬೆಳ್ತಂಗಡಿ ಗೆಳತಿ ಮನೆಯಲ್ಲಿ ಎರಡು ರಾತ್ರಿ ಇದ್ವಿ. ಅಡಿಕೆ ತೋಟ, ಕೊಳೆರೋಗದ ಕಾಲ. ಮಳೆ ಬಿಟ್ಟ ಎರಡು ಗಂಟೆ ಸಿಕ್ಕರೆ ಅಷ್ಟರಲ್ಲೇ ಮದ್ದು ಹೊಡೀಬೇಕು. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಮರ ಹತ್ತೋರು ಸಿಗಲ್ಲ, ಅದಕ್ಕೆ ಕೆಳಗೆ ನಿಂತೇ ಹೊಡೆಯೋಕೆ ಉದ್ದದ ಕಾರ್ಬನ್ ಫೈಬರ್ ದೋಟಿ. ಇಂಜಿನಿಯರಿಂಗ್ ಓದಿದ ಇವನು ಪೈಪ್ ಎಳೆದ, ನಾನು ಸುಣ್ಣ ಕಲಸಿದೆ. ಜೀನ್ಸ್ ಮೇಲಿನ ನೀಲಿ ಕಲೆ ಇನ್ನೂ ಹೋಗಿಲ್ಲ (ಫೋಟೋ 7). ಅವಳ ಅಜ್ಜಿ ತುಳುವಲ್ಲಿ ಜೋರಾಗಿ ಬೈದ್ರು, ನಾನು ಹೆದರಿದೆ. ಊಟ ಕಮ್ಮಿ ಮಾಡಿದ್ದಕ್ಕಂತೆ. ಒಂದು ವಾರ ಸತತ ಮಳೆ ಬಿದ್ದು ಮದ್ದು ಹೊಡೆಯೋಕೆ ಆಗದಿದ್ರೆ ಎಳೆ ಅಡಿಕೆಯೆಲ್ಲ ಉದುರಿ ಹೋಗುತ್ತೆ, ವರ್ಷದ ದುಡಿಮೆ ಅಷ್ಟೇ. ಕಾಲೇಜಲ್ಲಿ ಅವಳು ಮಳೆ ಬಂದಾಗಲೆಲ್ಲ ಮನೆಗೆ ಫೋನ್ ಮಾಡ್ತಿದ್ದಿದ್ದು ನೆನಪಿದೆಯಾ? "ಹೋಮ್‌ಸಿಕ್" ಅಂತ ರೇಗಿಸ್ತಿದ್ರಿ.

ಈಗ ನಿಮ್ಮ ತಕರಾರುಗಳಿಗೆ ಬರ್ತೀನಿ. ಮನೆಯವರಿಗೆ ತೊಂದರೆ ಅಲ್ವಾ? ಹೌದು, ಹೇಳದೆ ಕೇಳದೆ ಎಂಟು ಜನ ನುಗ್ಗಿದ್ರೆ ತೊಂದರೆನೇ. ಇಬ್ಬರೇ ಹೋಗಿ. ನಾಲ್ಕು ದಿನ ಮೊದಲು ಫೋನ್ ಮಾಡಿ, ಕೈಬೀಸ್ಕೊಂಡು ಹೋಗಬೇಡಿ (ನಮ್ಮ ಲೇಔಟ್ ಬೇಕರಿಯ ದಿಲ್‌ಪಸಂದ್‌ಗೆ ಎರಡೂ ಮನೆಯಲ್ಲಿ ಮಕ್ಕಳು ಜಗಳ ಆಡಿದ್ವು), ತಿಂದ ತಟ್ಟೆ ತೊಳೀರಿ, ಮೂರನೇ ದಿನ ಜಾಗ ಖಾಲಿ ಮಾಡಿ. ಜೋಡಿಯಾಗಿ ಹೋದಾಗ ಪ್ರೈವಸಿ ಬೇಡ್ವಾ? ಐದು ದಿನ ಬೈಕ್ ಮೇಲೆ ಇಬ್ಬರೇ ಇದ್ವಲ್ಲ, ಎಷ್ಟು ಬೇಕು ನಿಮಗೆ!

ಇನ್ನೂ ಮದುವೆ ಆಗದ ಜೋಡಿಗಳು ಕೇಳೋ ಪ್ರಶ್ನೆ ಮಾತ್ರ ನಿಜವಾದದ್ದು, ಅದನ್ನ ನಗೆಯಲ್ಲಿ ಹಾರಿಸಲ್ಲ. ಲಾಡ್ಜಲ್ಲಿ ಇಬ್ಬರು ವಯಸ್ಕರು ರೂಮ್ ತಗೊಳ್ಳೋದು ಅಪರಾಧ ಅಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಆದ್ರೂ ರಿಸೆಪ್ಷನ್‌ನಲ್ಲಿ ಕಣ್ಣು ಕೆಂಪಗೆ ಮಾಡೋರು ಇದ್ದಾರೆ, ದಾರಿಯಲ್ಲಿ ತಡೆದು ಹೆಸರು ಕೇಳೋರೂ ಇದ್ದಾರೆ. ಗೆಳೆಯನ ಮನೆಗೆ ಹೋದ್ರೆ ಅವಳು ಅಮ್ಮನ ಜೊತೆ ಒಳಗೆ, ನೀನು ಜಗುಲಿಯಲ್ಲಿ ಮಲಗಬೇಕಾಗುತ್ತೆ ಮಗಾ. ಅದು ನಿನಗೆ ಬೇಜಾರಾದ್ರೆ ನಾನು ಇಲ್ಲ ಅನ್ನಲ್ಲ. ಆದ್ರೆ ಬೆಳಗ್ಗೆ ಅವಳನ್ನ ಯಾರಾದ್ರೂ ದಾರಿಯಲ್ಲಿ ತಡೆದ್ರೆ, "ನಮ್ಮ ಮನೆಗೆ ಬಂದ ಮಗು" ಅಂತ ಎದುರು ನಿಲ್ಲೋಕೆ ಆ ಊರಲ್ಲಿ ಒಬ್ಬ ಅಮ್ಮ ಇರ್ತಾರೆ.

ಸಿಂಧನೂರಿನವನು ಡಿಸೆಂಬರ್‌ಗೆ ಬನ್ನಿ ಅಂದಿದ್ದಾನೆ, ಅವನ ಹೊಲದಲ್ಲಿ ಆಗ ಭತ್ತದ ಕೊಯ್ಲು. ಬೀದರ್‌ನವನ ನಂಬರ್ ಬದಲಾಗಿದೆ. ಯಾರ ಹತ್ರ ಹೊಸದಿದೆಯೋ ನನಗೆ ಕಳಿಸಿ. ಉಳಿದವರು ಕೆಳಗೆ ಕಾಮೆಂಟಲ್ಲಿ ನಿಮ್ಮ ಊರಿನ ಹೆಸರು ಹಾಕಿ. ಲೊಕೇಶನ್ ಕೇಳಿದವರು ಮೊದಲು.