ಕಂಪನಿಯೇ ಕೂರಿಸಿದ ಎಂಜಿನ್‌ಗೆ ಅನುಮತಿ ಏಕಿಲ್ಲ?

ಸಂಪಾದಕರಿಗೆ,

ಹಳೇ ಕಾರುಗಳಿಗೆ ದೊಡ್ಡ ಎಂಜಿನ್ ಹಾಕಿಸುವವರ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿ ತುಂಬ ನೋವಾಯಿತು. ಶೋಕಿಗಾಗಿ ಕಾನೂನು ಮುರಿಯುವವರು ಎಂದು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ನಮಗೆ ಯಾವ ಶೋಕಿಯೂ ಇಲ್ಲ.

ನಮ್ಮದು 1984ರ ಅಂಬಾಸಿಡರ್. ಅದರ 1489 ಸಿಸಿ ಎಂಜಿನ್‌ಗೆ ಬೋರ್ ಮಾಡಿಸಿ, ಸ್ಲೀವ್ ಹಾಕಿಸಿ ಎಲ್ಲ ಆಯಿತು. ಐದು ಜನ ಕೂತು ಆಗುಂಬೆ ಘಾಟಿ ಹತ್ತಿದರೆ ರೇಡಿಯೇಟರ್ ಕುದಿಯುತ್ತದೆ. ಮೂಲೆಗೆ ನಿಲ್ಲಿಸಿ ನೀರು ಹೊಯ್ಯುವಷ್ಟರಲ್ಲಿ ಹಿಂದೆ ಬಸ್ಸುಗಳ ಸಾಲು. ಗುಜರಿಗೆ ಹೊರಟಿದ್ದ ಇನ್ನೊಂದು ಅಂಬಾಸಿಡರ್‌ನಿಂದ 1817 ಸಿಸಿಯ ಇಸುಜು ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ರಸೀದಿ ಪಡೆದೇ ಕೊಂಡೆವು. ಕೂರಿಸುವ ಮೊದಲೇ ಸಾರಿಗೆ ಕಚೇರಿಯ ಅನುಮತಿಯನ್ನೂ ಕೇಳಿದೆವು. ‘ಅವಕಾಶವಿಲ್ಲ’ ಎಂದು ಒಂದು ಸಾಲು ಬರೆದು ಅರ್ಜಿ ವಾಪಸ್ ಕಳಿಸಿದರು. ಯಾರೂ ಬಾನೆಟ್ ಎತ್ತಿ ನೋಡಲಿಲ್ಲ. ಎಂಜಿನ್ ಈಗ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನಡಿ ಬಿದ್ದಿದೆ.

ತಯಾರಕರು ನಮೂದಿಸಿದ್ದನ್ನು ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಸರಿ. ಆದರೆ ಇದೇ ಇಸುಜು ಎಂಜಿನ್ನನ್ನು ಇದೇ ಅಂಬಾಸಿಡರ್‌ಗೆ 1990ರ ದಶಕದಲ್ಲಿ ಕೂರಿಸಿ ಮಾರಿದವರು ಯಾರು? ಸಾಕ್ಷಾತ್ ಹಿಂದೂಸ್ತಾನ್ ಮೋಟರ್ಸ್! ಕಂಪನಿ ಮಾಡಿದಾಗ ಸುರಕ್ಷಿತವಾಗಿದ್ದದ್ದು, ಅದೇ ಮೌಂಟಿಂಗ್, ಅದೇ ಬ್ರೇಕ್ ಹಾಕಿಸಿ ತಪಾಸಣೆಗೆ ತರುತ್ತೇವೆ ಎನ್ನುವ ನಮ್ಮ ಕೈಗೆ ಬಂದಾಗ ಅಪರಾಧವಾಗುವುದು ಹೇಗೆ? ಎಂಜಿನ್ನನ್ನೇ ಕಿತ್ತು ಬ್ಯಾಟರಿ, ಮೋಟರ್ ಕೂರಿಸಲು ಅನುಮೋದಿತ ಕಿಟ್ ಇದ್ದರೆ ಕಾನೂನೇ ದಾರಿ ಬಿಡುತ್ತದೆ. ಕಂಪನಿಯದ್ದೇ ಎಂಜಿನ್‌ಗೆ ಮಾತ್ರ ದಾರಿಯಿಲ್ಲ!

ಇನ್ನು ಶುಲ್ಕದ ವಿಚಾರ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದನ್ನು 2022ರ ಏಪ್ರಿಲ್‌ನಿಂದ ಒಮ್ಮೆಲೇ 5,000ಕ್ಕೆ ಏರಿಸಿದರು. ವಿಂಟೇಜ್ ಎಂದು ನೋಂದಾಯಿಸೋಣವೆಂದರೆ ಅದಕ್ಕೆ ಐವತ್ತು ವರ್ಷ ತುಂಬಿರಬೇಕು. ನಡುವಿನ ವಯಸ್ಸಿನ ಕಾರು ಇಟ್ಟುಕೊಂಡವರು ದುಡ್ಡು ಕಟ್ಟುವುದಕ್ಕೆ ಮಾತ್ರ ಬೇಕೇ? ದುರಸ್ತಿಗೆ ದಾರಿ ತೋರಿಸಿ ಎಂದರೆ ಬಾಗಿಲು ಮುಚ್ಚುತ್ತಾರೆ.

ಸಣ್ಣ ಕಾರಿಗೆ ಸಿಕ್ಕ ಎಂಜಿನ್ ತುರುಕಿ, ಬ್ರೇಕ್ ಹಾಗೇ ಬಿಟ್ಟು, ಸೈಲೆನ್ಸರ್ ಕಿತ್ತುಹಾಕಿ ನಡುರಾತ್ರಿ ಹೆದ್ದಾರಿಯಲ್ಲಿ ಓಡಿಸುವವರನ್ನು ಹಿಡಿಯಿರಿ, ಬೇಡ ಅಂದವರು ಯಾರು? ಅವರು ಯಾವ ಅರ್ಜಿಯನ್ನೂ ಹಾಕುವುದಿಲ್ಲ. ಅರ್ಜಿ ಹಾಕಿ, ರಸೀದಿ ಹಿಡಿದು ಕೌಂಟರ್ ಮುಂದೆ ನಿಂತವರಿಗೇ ಅವಮಾನ. ಕಂಪನಿ ತಾನೇ ಆ ಮಾದರಿಗೆ ಕೂರಿಸಿದ್ದ ಎಂಜಿನ್‌ಗಳ ಪಟ್ಟಿಯನ್ನು ಸಾರಿಗೆ ಇಲಾಖೆ ಪ್ರಕಟಿಸಲಿ, ತಪಾಸಣೆ ಮಾಡಿ ಆರ್‌ಸಿಯಲ್ಲಿ ನಮೂದಿಸಲಿ. ಕಾನೂನು ತಿದ್ದಬೇಕಿದ್ದರೆ ಕೇಂದ್ರಕ್ಕೆ ಬರೆಯಲಿ. ತಾವೂ ಆ ವರದಿಗೆ ಒಂದು ಸ್ಪಷ್ಟನೆ ಹಾಕಬೇಕೆಂದು ಕೋರುತ್ತೇನೆ.

– ಅಂಬಾಸಿಡರ್ ಮಾಲೀಕ, ತೀರ್ಥಹಳ್ಳಿ