ಹಲ್ಲಿನ ತಂತಿಯೂ ನಮ್ಮ ಬಾಲಿಕೆಯರೂ

ಹಲ್ಲಿಗೆ ತಂತಿ ಹಾಕಿಸಿಕೊಂಡ ಬಾಲಿಕೆಯರು ಈಗ ನಮ್ಮ ಪ್ರತಿ ತರಗತಿಯಲ್ಲಿಯೂ ಉಂಟು. ಅವರೊಳಗೆ ಕಂಠಪಾಠದಲ್ಲಿ ಮುಂದಾಗಿದ್ದವಳೊಬ್ಬಳು ಕಳೆದ ವರ್ಷ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಸ್ಪರ್ಧೆಯಿಂದ ಹಿಂದೆಗೆದಳು. ವಿಚಾರಿಸಲಾಗಿ, ಗೆಳತಿಯರ ಪರಿಹಾಸ್ಯಕ್ಕಿಂತಲೂ ನಮ್ಮ ನಿಯಮವೇ ಅವಳನ್ನು ನೋಯಿಸಿತ್ತೆಂದು ತಿಳಿದುಬಂದಿತು. ಊಟದ ಬಳಿಕ ಹಲ್ಲುಜ್ಜಿ ತಡವಾಗಿ ಬಂದಳೆಂದು ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೆವು. ತಂತಿಯಲ್ಲಿ ಅನ್ನದ ಅಗುಳಿಟ್ಟುಕೊಂಡು ಪದ್ಯ ಹೇಳುವುದು ಯಾರಿಂದಾದೀತು? ತಪ್ಪು ನಮ್ಮದೇ.

ತಂತಿಯ ಒತ್ತಡಕ್ಕೆ ಹಲ್ಲಿನ ಒಂದು ಪಕ್ಕದ ಮೂಳೆ ಕರಗಿ, ಮತ್ತೊಂದು ಪಕ್ಕದಲ್ಲಿ ಹೊಸದು ಬೆಳೆಯುವುದು. ಆದುದರಿಂದಲೇ ಒಂದೆರಡು ವರ್ಷ ಹಿಡಿಯುವುದುಂಟು. ಅಷ್ಟು ಕಾಲ ಕೊಳೆ ನಿಂತರೆ, ತಂತಿ ಬಿಚ್ಚಿದ ದಿನ ನೇರವಾದ ಹಲ್ಲಿನ ಮೇಲೆ ಬಿಳಿಯ ಕಲೆಗಳು ಉಳಿದಾವು. ಫ್ಲೋರೈಡ್ ಪೇಸ್ಟು, ಮೆತ್ತನೆಯ ಬ್ರಷ್ಷು, ಸಂದುಗಳಿಗೊಂದು ಸಣ್ಣ ಬ್ರಷ್ಷು, ಚುಚ್ಚುವೆಡೆಗೆ ವೈದ್ಯರು ಕೊಡುವ ಮೇಣ, ಇವಿಷ್ಟು ಪುಸ್ತಕದ ಚೀಲದಲ್ಲಿರತಕ್ಕವು. ಕ್ರಿಸ್‌ಮಸ್ಸಿನ ಕಲ್‌ಕಲ್, ಸಂಕ್ರಾಂತಿಯ ಕಬ್ಬು, ಶಿವಾಜಿನಗರದ ಬೀದಿಯ ಕಡಲೆಮಿಠಾಯಿ ತಂಗಿಯರ ಪಾಲಾಗಲಿ (ಕಷ್ಟವೆಂಬುದನ್ನು ಬಲ್ಲೆವು). ತಂತಿ ಬಿಚ್ಚಿದ ಬಳಿಕ ರಿಟೇನರನ್ನು ಡಬ್ಬಿಯಲ್ಲಿಯೇ ಮರೆತರೆ ಹಲ್ಲು ಹಳೆಯ ಸ್ಥಾನಕ್ಕೆ ತೆರಳುವುದು.

ಖರ್ಚಿಗೆ ಅಂಜುವ ಹಲಸೂರು, ಕೃಷ್ಣರಾಜಪುರದ ತಾಯ್ತಂದೆಗಳು 1958ರಲ್ಲಿ ಸ್ಥಾಪಿತವಾದ, ಕೋಟೆಯ ಬಳಿಯ ಸರ್ಕಾರಿ ದಂತ ಮಹಾವಿದ್ಯಾಲಯದಲ್ಲಿ ಒಮ್ಮೆ ವಿಚಾರಿಸಲಿ.

ಈ ವರ್ಷದಿಂದ ಊಟದ ಗಂಟೆಗೆ ಹತ್ತು ನಿಮಿಷ ಸೇರಿಸಿದ್ದೇವೆ. ನಲ್ಲಿಯ ಬಳಿ ಕನ್ನಡಿಯೊಂದನ್ನು ಹಾಕಿಸಿದ್ದೇವೆ. ಕನ್ನಡಿಯಿಂದ ಬಾಲಿಕೆಯರು ಕೆಡುವರೆಂದು ಹಿರಿಯ ಉಪಾಧ್ಯಾಯಿನಿಯೊಬ್ಬರು ಆಕ್ಷೇಪಿಸಿದರು. ಕನ್ನಡಿ ಅಲ್ಲಿಯೇ ಇದೆ.